ಪಂದ್ಯದ ದಿನದ ಭಾರಸಾಧನೆ: ಒಂದು ಭಯದ ಇತಿಹಾಸ ಮತ್ತು ವಿವೇಚನೆ

ಅಮೆರಿಕದ ಸಂಯುಕ್ತ ಸಂಸ್ಥಾನಗಳ ಪ್ರೌಢಶಾಲೆಗಳಲ್ಲಿ ಬ್ಯಾಸ್ಕೆಟ್‌ಬಾಲ್ ಆಟದ ಋತು ಚಳಿಗಾಲದ ಮೂರು ನಾಲ್ಕು ತಿಂಗಳು ನಡೆಯುವುದು. ಆಡುವವರು ಸುಮಾರು ೧೪ರಿಂದ ೧೮ ವರ್ಷದ ಬಾಲಕ ಬಾಲಕಿಯರು. ಸಾಮಾನ್ಯವಾಗಿ ವಾರಕ್ಕೆ ಎರಡು ಪಂದ್ಯಗಳಿರುತ್ತವೆ. ಪಂದ್ಯವಿರುವ ದಿನ ಆಟಗಾರರು ಭಾರ ಎತ್ತಬಹುದೇ, ಕೂಡದೇ ಎಂಬ ಪ್ರಶ್ನೆ ಅಲ್ಲಿನ ತರಬೇತುಗಾರರಲ್ಲಿ ಬಹುಕಾಲದಿಂದ ಚರ್ಚೆಯಲ್ಲಿದೆ. ಅಂದು ಪೂರ್ಣ ವಿಶ್ರಾಂತಿ ಬೇಕೆಂದು ಕೆಲವರು ವಾದಿಸುತ್ತಾರೆ. ಬೆಳಗ್ಗೆಯೇ ತಂಡವನ್ನು ವ್ಯಾಯಾಮಶಾಲೆಗೆ ಕರೆದೊಯ್ಯುವವರೂ ಉಂಟು. ಇತಿಹಾಸದ ಅಧ್ಯಾಪಕರಾದ ನಾವು ಈ ಚರ್ಚೆಗೆ ಕೈಯಿಡಲು ಕಾರಣವಿಷ್ಟೆ: ಇಂದಿನ ಎರಡು ಪಕ್ಷಗಳ ಹಿಂದೆಯೂ ಒಂದು ಹಳೆಯ ನಂಬಿಕೆಯ ನೆರಳಿದೆ. ಆ ನಂಬಿಕೆ ಹುಟ್ಟಿ ಬೆಳೆದು ಕುಸಿದ ಕ್ರಮವನ್ನು ಅರಿತಲ್ಲದೆ ಪ್ರಶ್ನೆಯ ನಿಜವಾದ ಸ್ವರೂಪ ತಿಳಿಯದು.

ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಅಮೆರಿಕದ ಬಹುಮಂದಿ ದೈಹಿಕ ಶಿಕ್ಷಣತಜ್ಞರು ಭಾರ ಎತ್ತುವುದನ್ನು ಕ್ರೀಡೆಯ ಶತ್ರುವೆಂದೇ ಭಾವಿಸಿದ್ದರು. ಭಾರ ಎತ್ತಿದವನ ಮಾಂಸಖಂಡಗಳು ಗಂಟುಗಟ್ಟಿ ಬಿಗಿಯುತ್ತವೆ, ಕೀಲುಗಳು ಸರಾಗವಾಗಿ ತಿರುಗವು, ಚಲನೆ ಮಂದವಾಗುತ್ತದೆ ಎಂಬುದು ಅವರ ಮತ. ಬ್ಯಾಸ್ಕೆಟ್‌ಬಾಲಿನ ವಿಷಯದಲ್ಲಿ ಈ ಭಯ ಇನ್ನಷ್ಟು ಬಲವಾಗಿತ್ತು. ಚೆಂಡನ್ನು ಬುಟ್ಟಿಗೆ ಎಸೆಯುವುದು ಮಣಿಕಟ್ಟಿನ ಮತ್ತು ಬೆರಳ ತುದಿಯ ನಯವನ್ನು ಅವಲಂಬಿಸಿದ ಕೆಲಸವಷ್ಟೆ. ಆ ನಯವನ್ನು ಕಬ್ಬಿಣ ಕೆಡಿಸೀತೆಂದು ಅಂಜಿದರು.

ಈ ಕಥೆಯ ಮುಖ್ಯ ಘಟನೆಗಳು ನಡೆದದ್ದು ಮ್ಯಾಸಚೂಸೆಟ್ಸ್ ಪ್ರಾಂತದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನ ಒಂದೇ ವಿದ್ಯಾಸಂಸ್ಥೆಯಲ್ಲಿ ಎಂಬುದು ಗಮನಾರ್ಹ. ೧೮೯೧ರ ಡಿಸೆಂಬರಿನಲ್ಲಿ ಜೇಮ್ಸ್ ನೈಸ್ಮಿತ್ ಪೀಚ್ ಹಣ್ಣಿನ ಬುಟ್ಟಿಗಳನ್ನು ಕಟ್ಟಿ, ೧೩ ನಿಯಮಗಳನ್ನು ಬರೆದು, ಬ್ಯಾಸ್ಕೆಟ್‌ಬಾಲ್ ಆಟವನ್ನು ಆರಂಭಿಸಿದ್ದು ಅಲ್ಲಿಯೇ. ೧೯೨೦ರಲ್ಲಿ ಮದರಾಸಿನಲ್ಲಿ ವೈ. ಎಂ. ಸಿ. ಎ. ದೈಹಿಕ ಶಿಕ್ಷಣ ಕಾಲೇಜನ್ನು ಸ್ಥಾಪಿಸಿದ ಹ್ಯಾರಿ ಕ್ರೋ ಬಕ್ ಅವರೂ ಸ್ಪ್ರಿಂಗ್‌ಫೀಲ್ಡಿನಲ್ಲಿ ಶಿಕ್ಷಣ ಪಡೆದವರೇ. ಹೀಗಾಗಿ ದಕ್ಷಿಣ ಭಾರತದ ದೈಹಿಕ ಶಿಕ್ಷಣದ ಚರಿತ್ರೆಗೂ ಆ ಊರಿಗೂ ನಂಟುಂಟು.

ಆ ಸಂಸ್ಥೆಯಲ್ಲಿ ಶರೀರಕ್ರಿಯಾಶಾಸ್ತ್ರವನ್ನು ಬೋಧಿಸುತ್ತಿದ್ದ ಪೀಟರ್ ಕಾರ್ಪೊವಿಚ್ ಸಹ ಭಾರಸಾಧನೆಯನ್ನು ಸಂದೇಹದಿಂದ ಕಂಡವರು. ೧೯೪೦ರಲ್ಲಿ ಬಾಬ್ ಹಾಫ್‌ಮನ್ ಎಂಬ ಭಾರಸಾಧನ ಪ್ರಚಾರಕರು, ಜಾನ್ ಗ್ರಿಮೆಕ್ ಮತ್ತು ಜಾನ್ ಡೇವಿಸ್ ಎಂಬ ಇಬ್ಬರು ಬಲಶಾಲಿಗಳೊಡನೆ ಅಲ್ಲಿಗೆ ಬಂದು ಪ್ರದರ್ಶನ ನೀಡಿದರು. ಪ್ರದರ್ಶನದ ಕೊನೆಯಲ್ಲಿ ಕಾರ್ಪೊವಿಚ್ ಎದ್ದು, ಬೆನ್ನನ್ನು ತುರಿಸಿಕೊಂಡು ತೋರಿಸಬಲ್ಲಿರಾ ಎಂದು ಗ್ರಿಮೆಕ್‌ರನ್ನು ಕೇಳಿದರಂತೆ. ಸಭೆ ನಕ್ಕಿತು. ಗ್ರಿಮೆಕ್ ಅನಾಯಾಸವಾಗಿ ಬೆನ್ನು ತುರಿಸಿಕೊಂಡದ್ದಲ್ಲದೆ, ಎರಡು ಕಾಲುಗಳನ್ನೂ ನೆಲಕ್ಕೆ ತಾಗುವಂತೆ ಚಾಚಿ ಕುಳಿತು ತೋರಿಸಿದರು.

ಒಬ್ಬ ಅಸಾಧಾರಣ ವ್ಯಕ್ತಿಯ ಪ್ರದರ್ಶನ ಸಾಮಾನ್ಯ ನಿಯಮಕ್ಕೆ ಪ್ರಮಾಣವಾಗದು. ಕಾರ್ಪೊವಿಚ್ ಇದನ್ನು ಬಲ್ಲವರು. ಅವರೂ ವಿಲಿಯಂ ಜೋರ್ಬಸ್ ಅವರೂ ಸೇರಿ ನಡೆಸಿದ ಪರೀಕ್ಷೆ ೧೯೫೧ರಲ್ಲಿ ಪ್ರಕಟವಾಯಿತು. ಭಾರ ಎತ್ತುವ ೩೦೦ ಮಂದಿ ಮತ್ತು ಎತ್ತದ ೩೦೦ ಮಂದಿ ಯುವಕರು ಯಂತ್ರದ ಹಿಡಿಯೊಂದನ್ನು ೨೪ ಸುತ್ತು ತಿರುಗಿಸಲು ತೆಗೆದುಕೊಂಡ ಕಾಲವನ್ನು ಅವರು ಅಳೆದರು. ಭಾರ ಎತ್ತುವವರೇ ಹೆಚ್ಚು ವೇಗವುಳ್ಳವರೆಂದು ಕಂಡುಬಂದಿತು. ಇಲ್ಲಿ ಒಂದು ಆಕ್ಷೇಪಕ್ಕೆ ಎಡೆಯುಂಟು: ಸ್ವಭಾವತಃ ಚುರುಕಾದವರೇ ಭಾರಸಾಧನೆಗೆ ಬಂದಿರಬಹುದಲ್ಲ? ಒಂದೇ ಗುಂಪನ್ನು ಸಾಧನೆಗೆ ಮುನ್ನವೂ ಅನಂತರವೂ ಅಳೆದ ಪ್ರಯೋಗಗಳು ಅದೇ ವರ್ಷಗಳಲ್ಲಿ ನಡೆದು, ವೇಗವು ಕುಗ್ಗದೆಂಬುದನ್ನು ತೋರಿಸಿ, ಈ ಆಕ್ಷೇಪವನ್ನು ಬಹುಮಟ್ಟಿಗೆ ಪರಿಹರಿಸಿದವು.

ಇಷ್ಟರಲ್ಲಿ ಬೇರೆ ದಿಕ್ಕಿನಿಂದಲೂ ಬೆಂಬಲ ಬಂದಿತ್ತು. ಸೇನಾವೈದ್ಯರಾದ ಥಾಮಸ್ ಡಿಲಾರ್ಮ್, ಗಾಯಗೊಂಡ ಯೋಧರ ದುರ್ಬಲ ಅಂಗಗಳನ್ನು ಕ್ರಮಕ್ರಮವಾಗಿ ಹೆಚ್ಚಿಸಿದ ಭಾರದಿಂದ ಸರಿಪಡಿಸಿದ ವಿಧಾನವನ್ನು ೧೯೪೫ರಲ್ಲಿ ಪ್ರಕಟಿಸಿದ್ದರು. ಲೂಯಿಸಿಯಾನದ ಬ್ಯಾಟನ್ ರೂಜ್ ನಗರದಲ್ಲಿ ಆಲ್ವಿನ್ ರಾಯ್ ೧೯೫೫ರಲ್ಲಿ ಇಸ್ಟ್ರೂಮಾ ಪ್ರೌಢಶಾಲೆಯ ಅಮೆರಿಕನ್ ಫುಟ್‌ಬಾಲ್ ತಂಡಕ್ಕೆ ಭಾರಸಾಧನೆ ಕಲಿಸಿದರು. ತಂಡ ಆ ವರ್ಷ ಪ್ರಾಂತದ ಪ್ರಶಸ್ತಿ ಗೆದ್ದಿತು. ಅದೇ ಊರಿನ ಬ್ಯಾಸ್ಕೆಟ್‌ಬಾಲ್ ವೀರ ಬಾಬ್ ಪೆಟಿಟ್ ಕೂಡ ರಾಯ್ ಅವರಲ್ಲಿ ಸಾಧನೆ ಮಾಡಿದವರು. ೧೯೬೯ರಲ್ಲಿ ನೆಬ್ರಾಸ್ಕ ವಿಶ್ವವಿದ್ಯಾನಿಲಯ ಬಾಯ್ಡ್ ಎಪ್ಲಿ ಅವರನ್ನು ಬಲಸಾಧನೆಯ ಶಿಕ್ಷಕರನ್ನಾಗಿ ನೇಮಿಸಿತು. ೧೯೭೮ರಲ್ಲಿ ಇಂಥ ಶಿಕ್ಷಕರ ರಾಷ್ಟ್ರೀಯ ಸಂಘ ಸ್ಥಾಪನೆಯಾಯಿತು. ಭಾರ ಎತ್ತಬೇಕೇ ಎಂಬ ಪ್ರಶ್ನೆ ಹೀಗೆ ತೀರ್ಮಾನವಾಯಿತು. ಯಾವಾಗ ಎತ್ತಬೇಕು ಎಂಬುದು ಉಳಿಯಿತು.

ಈ ಎರಡನೆಯ ಪ್ರಶ್ನೆಯನ್ನು ವಿಚಾರಿಸುವಾಗ ಆಯಾಸ ಮತ್ತು ನೋವು ಎಂಬ ಎರಡನ್ನು ಬೇರ್ಪಡಿಸಿ ನೋಡಬೇಕು. ಭಾರ ಎತ್ತಿದ ಕೂಡಲೆ ತೋರುವ ಆಯಾಸ, ಸಾಧನೆ ಮಿತವಾಗಿದ್ದರೆ, ಕೆಲವು ಗಂಟೆಗಳಲ್ಲಿ ಇಳಿಯುತ್ತದೆ. ಮೈಕೈ ನೋವಾದರೋ ತಡವಾಗಿ ಬಂದು, ಸಾಮಾನ್ಯವಾಗಿ ೨೪ರಿಂದ ೭೨ ಗಂಟೆಗಳ ನಡುವೆ ತೀವ್ರವಾಗಿರುತ್ತದೆ. ಮಂಗಳವಾರ ಮತ್ತು ಶುಕ್ರವಾರ ಪಂದ್ಯಗಳಿವೆಯೆಂದು ಇಟ್ಟುಕೊಳ್ಳೋಣ. ಪಂದ್ಯದ ದಿನಗಳನ್ನೂ ಅವುಗಳ ಹಿಂದಿನ ದಿನಗಳನ್ನೂ ಬಿಟ್ಟರೆ, ಶಾಲೆ ನಡೆಯುವ ದಿನಗಳಲ್ಲಿ ಉಳಿಯುವುದು ಬುಧವಾರವೊಂದೇ. ಅಂದು ಶ್ರಮಿಸಿದರೆ ನೋವು ಗುರುವಾರ, ಶುಕ್ರವಾರಗಳಂದು ಏರುತ್ತದೆ. ಅಂದರೆ ಪಂದ್ಯದ ವೇಳೆಗೇ. ಶುಕ್ರವಾರ ಬೆಳಗ್ಗೆ ಸ್ವಲ್ಪ ಭಾರ ಎತ್ತಿದವನ ಆಯಾಸ ಸಂಜೆಗೆ ಇಳಿದಿರುತ್ತದೆ; ನೋವು ಬಂದರೂ ಅದು ವಿರಾಮದ ಶನಿವಾರ, ಭಾನುವಾರಗಳಿಗೆ ಸೇರುತ್ತದೆ. ಪಂದ್ಯದ ದಿನವನ್ನು ತರಬೇತುಗಾರರು ಆರಿಸಿಕೊಂಡುದರ ಹಿಂದೆ ಈ ಲೆಕ್ಕಾಚಾರವಿದೆ. ಅದು ಕೇವಲ ಹುಮ್ಮಸ್ಸಿನ ಮಾತಲ್ಲ.

ಲೆಕ್ಕಾಚಾರ ಸರಿಯೇ ಎಂಬುದಕ್ಕೆ ಪ್ರಯೋಗಗಳೂ ನಡೆದಿವೆ. ೨೦೦೪ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ಆಟಗಾರ್ತಿಯರನ್ನು, ಬಲಸಾಧನೆಯಾದ ಆರು ಗಂಟೆಗಳ ಬಳಿಕ ಪರೀಕ್ಷಿಸಲಾಯಿತು. ಜಿಗಿತದ ಎತ್ತರವಾಗಲಿ, ಅಲ್ಪಾವಧಿಯ ತೀವ್ರಶ್ರಮದ ಶಕ್ತಿಯಾಗಲಿ, ಚೆಂಡೆಸೆತದ ಗುರಿಯಾಗಲಿ ಬದಲಾಗಿರಲಿಲ್ಲ. ಬೆರಳ ನಯ ಕೆಡುವುದೆಂಬ ಹಳೆಯ ಭಯಕ್ಕೆ ಇದು ನೇರವಾದ ಉತ್ತರ. ೨೦೧೪ರಲ್ಲಿ ರಗ್ಬಿ ಆಟಗಾರರನ್ನು ಕುರಿತು ಪ್ರಕಟವಾದ ಅಧ್ಯಯನವೊಂದರಲ್ಲಿ, ಬೆಳಗ್ಗೆ ಬಲಸಾಧನೆ ಮಾಡಿದ ದಿನ ಅಪರಾಹ್ನದ ಓಟ ಮತ್ತು ಬಲದ ಪರೀಕ್ಷೆಗಳಲ್ಲಿ ಫಲ ಉತ್ತಮವಾಗಿಯೇ ಇತ್ತು.

ಆದರೆ ಈ ಅಧ್ಯಯನಗಳಿಗೆ ಒಳಗಾದವರು ವಯಸ್ಕರು, ಸಾಧನೆಯಲ್ಲಿ ನುರಿತವರು. ಹದಿನೈದು ವರ್ಷದ ಹೊಸ ಹುಡುಗನಿಗೆ ಅದನ್ನೇ ನೇರವಾಗಿ ಅನ್ವಯಿಸುವುದು ತರ್ಕಸಮ್ಮತವಲ್ಲ. ಆದುದರಿಂದ ಕೆಲವು ಮಿತಿಗಳು ಅವಶ್ಯಕ. ಪಂದ್ಯದ ದಿನ ಹೊಸ ವ್ಯಾಯಾಮವನ್ನು ಕಲಿಸಕೂಡದು. ಅಭ್ಯಾಸವಿಲ್ಲದ ಚಲನೆಯೇ ಹೆಚ್ಚು ನೋವು ತರುವುದು. ಎರಡು ಮೂರು ವ್ಯಾಯಾಮಗಳನ್ನು ಕೆಲವೇ ಆವೃತ್ತಿಗಳಲ್ಲಿ ಮಾಡಿ, ಇನ್ನೂ ಎತ್ತಬಲ್ಲೆನೆಂಬಾಗಲೇ ನಿಲ್ಲಿಸಬೇಕು. ಸಾಧನೆಗೂ ಪಂದ್ಯಕ್ಕೂ ನಡುವೆ ಸುಮಾರು ಆರು ಗಂಟೆಗಳ ಅಂತರವಿರಬೇಕು. ಅದಕ್ಕಾಗಿ ಮಕ್ಕಳನ್ನು ನಸುಕಿನಲ್ಲೇ ಎಬ್ಬಿಸಿ ನಿದ್ರೆಗೆಡಿಸಿದರೆ ಲಾಭಕ್ಕಿಂತ ನಷ್ಟವೇ ಹೆಚ್ಚು. ಪ್ರೌಢಶಾಲೆಯ ಪಂದ್ಯ ಸಾಮಾನ್ಯವಾಗಿ ೩೨ ನಿಮಿಷಗಳದು; ಅದರಲ್ಲಿ ಬಹುಪಾಲು ಆಡುವವನಿಗೂ, ಅಂಕಣದ ಬದಿಯ ಬೆಂಚಿನಲ್ಲಿ ಕುಳಿತಿರುವವನಿಗೂ ಒಂದೇ ಪ್ರಮಾಣ ಸಲ್ಲದು. ಬಲ್ಲವರ ಮೇಲ್ವಿಚಾರಣೆಯಂತೂ ಅನಿವಾರ್ಯ. ಎಳೆಯರಿಗೆ ಬಲಸಾಧನೆ ಸುರಕ್ಷಿತವೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ೨೦೨೦ರಲ್ಲಿ ಹೇಳಿರುವುದು ಕೂಡ ಸರಿಯಾದ ಕ್ರಮ ಮತ್ತು ಮೇಲ್ವಿಚಾರಣೆಗಳಿಗೆ ಒಳಪಟ್ಟೇ.

ಈ ಪ್ರಶ್ನೆ ಗೆಲುವು ಸೋಲಿಗೆ ಮಾತ್ರ ಸಂಬಂಧಿಸಿದುದಲ್ಲ. ಋತುವಿಡೀ ಭಾರವನ್ನು ಮುಟ್ಟದ ಬಾಲಕ ಮೊದಲು ಗಳಿಸಿದ ಬಲವನ್ನು ತಿಂಗಳುಗಳಲ್ಲಿ ಕಳೆದುಕೊಳ್ಳುತ್ತಾನೆ. ಕೊನೆಯ ಪಂದ್ಯಾವಳಿಗೆ ಬರುವಾಗ ಅವನ ಮಂಡಿ, ಹರಡುಗಳಿಗೆ ಆಸರೆಯಾಗಬೇಕಾದ ಮಾಂಸಖಂಡಗಳು ಸೊರಗಿರುತ್ತವೆ. ಅತ್ತ, ಪದ್ಧತಿಯ ಹೆಸರಿನಲ್ಲಿ ಮಿತಿಮೀರಿ ಎತ್ತಿಸಿದರೆ ಪೆಟ್ಟು ತಿನ್ನುವುದೂ ಅದೇ ಎಳೆಯ ದೇಹ. ಎರಡು ಕಡೆಯಲ್ಲೂ ತೀರ್ಮಾನ ಹಿರಿಯರದು, ಫಲ ಕಿರಿಯರದು.

ಪರೀಕ್ಷಿಸದ ಭಯವೊಂದು ಹಿಂದೆ ಒಂದು ತಲೆಮಾರಿನ ಆಟಗಾರರನ್ನು ಭಾರಸಾಧನೆಯಿಂದ ದೂರವಿಟ್ಟಿತು. ಪರೀಕ್ಷಿಸದ ಉತ್ಸಾಹ ಇಂದು ಅದರ ಸ್ಥಾನವನ್ನು ಆಕ್ರಮಿಸಬಾರದು. ಪಂದ್ಯದ ದಿನ ಭಾರ ಎತ್ತಬಹುದೇ ಎಂಬುದಕ್ಕೆ ಒಂದೇ ಮಾತಿನ ಉತ್ತರವಿಲ್ಲ. ಯಾರು, ಎಷ್ಟು, ಪಂದ್ಯಕ್ಕೆ ಎಷ್ಟು ಗಂಟೆ ಮುಂಚೆ ಎಂದು ಕೇಳಿದಾಗ ಮಾತ್ರ ಉತ್ತರ ದೊರೆಯುತ್ತದೆ. ತಾವು ನಂಬಿದ್ದ ಮತವನ್ನೇ ಅಳತೆಗೆ ಒಡ್ಡಿದ ಕಾರ್ಪೊವಿಚ್ ಅವರ ನಡೆ, ಯಾವ ಶಾಸ್ತ್ರದ ವಿದ್ಯಾರ್ಥಿಗಾದರೂ ಅನುಸರಣೀಯವೆಂದು ನಾವು ಭಾವಿಸುತ್ತೇವೆ.