ಬೈಪಾಸ್ ಆದ ಮೇಲೆ ಎಷ್ಟು ವರ್ಷ?

ಆಸ್ಪತ್ರೆಯಿಂದ ಊರಿಗೆ ಬಂದು ಮೂರು ದಿನ ಆಗಿತ್ತು. ಜಗಲಿ ಮೇಲೆ ಕೂತಿದ್ದೆ. ಪಕ್ಕದ ಹೊಲದ ಯಜಮಾನರು ಬಂದು ನನ್ನ ಎದೆಯ ಗಾಯ ನೋಡಿದರು. ನನ್ನನ್ನು ಬಿಟ್ಟು ನನ್ನ ಹೆಂಡತಿಯನ್ನು ತೆಲುಗಿನಲ್ಲಿ ಕೇಳಿದರು: ‘ಎನ್ನೇಂಡ್ಲು ಅನಿ ಚೆಪ್ಪಿನಾರಮ್ಮಾ ಡಾಕ್ಟರು?’ ಎಷ್ಟು ವರ್ಷ ಅಂತ ಹೇಳಿದಾರೆ ಎಂದು. ಅವಳು ಮಾತಾಡದೆ ಒಳಗೆ ಹೋದಳು.

ಇದು 2021ರ ಮಾತು. ನಮ್ಮ ಮಡಕಶಿರಾ ಸೀಮೆಯಲ್ಲಿ ಬೈಪಾಸ್ ಆದವನು ಅಂದ್ರೆ ಅಚ್ಚು ಮುರಿದ ಗಾಡಿ ಇದ್ದಂಗೆ. ಹೊಲಕ್ಕೆ ಬಿಡೋಲ್ಲ, ಸಾಲ ಕೊಡೋಲ್ಲ. ನಮ್ಮ ಮನೆಯಲ್ಲೂ ಭಾಗದ ಮಾತು ಎದ್ದಿತು. ತೆಲುಗಿನವರು ಹೃದಯಕ್ಕೆ ‘ಗುಂಡೆ’ ಅಂತಾರೆ, ನಾವು ‘ಗುಂಡಿಗೆ’ ಅಂತೀವಿ. ಗುಂಡಿಗೆ ಇರೋನು ಅಂದ್ರೆ ಧೈರ್ಯವಂತ. ಎದೆ ಕೊಯ್ದ ಮೇಲೆ ಮೊದಲು ಹೋಗೋದು ಆ ಧೈರ್ಯವೇ.

ಈ ಆಪರೇಷನ್ನಿಗೆ ದಾರಿ ಹಾಕಿದ ರೆನೆ ಫವಲೊರೊ ಅರ್ಜೆಂಟೀನಾದವರು. ಅಲ್ಲಿನ ಹಳ್ಳಿಗಾಡಿನಲ್ಲಿ 12 ವರ್ಷ ವೈದ್ಯರಾಗಿದ್ದು, ಆಮೇಲೆ ಅಮೆರಿಕಕ್ಕೆ ಹೋಗಿ 1967ರಲ್ಲಿ ಕ್ಲೀವ್‌ಲ್ಯಾಂಡಿನಲ್ಲಿ ಕಾಲಿನ ರಕ್ತನಾಳ ತೆಗೆದು ಹೃದಯಕ್ಕೆ ಜೋಡಿಸಿದರು. ನಮ್ಮ ದೇಶದಲ್ಲಿ 1975ರಲ್ಲಿ ಮದ್ರಾಸಿನ ಪೆರಂಬೂರು ರೈಲ್ವೆ ಆಸ್ಪತ್ರೆಯಲ್ಲಿ ಡಾ. ಕೆ.ಎಂ. ಚೆರಿಯನ್ ಮಾಡಿದರು. 1991ರಲ್ಲಿ ಪುಟ್ಟಪರ್ತಿಯ ಆಸ್ಪತ್ರೆ, 2007ರಲ್ಲಿ ಆರೋಗ್ಯಶ್ರೀ ಬಂದ ಮೇಲೆ ಈ ಚಿಕಿತ್ಸೆ ನಮ್ಮಂಥ ಮಳೆ ನಂಬಿದ ರೈತರ ಕೈಗೂ ಎಟುಕಿತು.

ಈಗ ವರ್ಷದ ಲೆಕ್ಕಕ್ಕೆ ಬರೋಣ. ಹಾಲೆಂಡಿನ ರಾಟರ್‌ಡ್ಯಾಮಿನಲ್ಲಿ 1970ರ ದಶಕದಲ್ಲಿ ಬೈಪಾಸ್ ಆದವರನ್ನು ವೈದ್ಯರು 30 ವರ್ಷ ಗಮನಿಸಿದರು. 10 ವರ್ಷದ ಮೇಲೂ ನಾಲ್ವರಲ್ಲಿ ಮೂವರು ಬದುಕಿದ್ದರು. ಸರಾಸರಿ ಆಯಸ್ಸು 17 ವರ್ಷಕ್ಕೂ ಹೆಚ್ಚು. ಕೊಬ್ಬು ಇಳಿಸುವ ಸ್ಟ್ಯಾಟಿನ್ ಮಾತ್ರೆ ಆಗ ಇರಲೇ ಇಲ್ಲ. ವಯಸ್ಸು, ಸಕ್ಕರೆ ಕಾಯಿಲೆ, ಹೃದಯದ ಶಕ್ತಿ ನೋಡಿ ಒಬ್ಬೊಬ್ಬರ ಲೆಕ್ಕ ಬೇರೆ. ಆದರೂ ಜಗಲಿ ಮೇಲೆ ಕೂತು ಸಾವಿಗೆ ಕಾಯುವ ಲೆಕ್ಕವಂತೂ ಇದಲ್ಲ.

ಹಂಗಂತ ಕಾಯಿಲೆ ವಾಸಿಯಾಯ್ತು ಅಂತಲೂ ತಿಳಿಯಬಾರದು. ಕಾಲುವೆಯಲ್ಲಿ ಹೂಳು ತುಂಬಿದರೆ ಪಕ್ಕದಲ್ಲಿ ಇನ್ನೊಂದು ಕಾಲುವೆ ತೋಡಿ ನೀರು ಹಾಯಿಸ್ತೀವಿ. ಬೈಪಾಸ್ ಅಂದ್ರೆ ಅಷ್ಟೇ. ಹೂಳು ತಂದ ನೀರು ಬದಲಾಗಿರೋಲ್ಲ. ಎದೆಯೊಳಗಿನ ಧಮನಿಯಿಂದ ಜೋಡಿಸಿದ್ದು ಬಹುಪಾಲು 10 ವರ್ಷದ ಮೇಲೂ ಹರಿಯುತ್ತದೆ. ಕಾಲಿನಿಂದ ತಂದ ನಾಳಗಳಲ್ಲಿ ಹೆಚ್ಚುಕಡಿಮೆ ಅರ್ಧ ಅಷ್ಟರಲ್ಲಿ ಮುಚ್ಚಿಕೊಳ್ಳುತ್ತವೆ.

ನಾನೇ ತಪ್ಪು ಮಾಡಿದೆ. ಎರಡನೇ ವರ್ಷ ಮೈ ಹಗುರಾಗಿತ್ತು, ಕಡ್ಲೆಕಾಯಿ ಕೈ ಕೊಟ್ಟಿತ್ತು. ದುಡ್ಡು ಉಳೀಲಿ ಅಂತ ಮಾತ್ರೆ ಬಿಟ್ಟೆ, ಬೀಡಿ ಹಿಡಿದೆ. ಒಂದು ಬೆಳಗ್ಗೆ ಹಿಂದೂಪುರದ ಮಂಡಿಯಲ್ಲಿ ಮೂಟೆಗಳ ನಡುವೆ ಅದೇ ಹಳೇ ಎದೆ ಹಿಡಿತ. ಕಾಲಿನ ಒಂದು ನಾಳ ಕಿರಿದಾಗಿತ್ತು. ಸ್ಟೆಂಟ್ ಹಾಕಿ ಕಳಿಸಿದರು. ಮಾತ್ರೆಯಲ್ಲಿ ಉಳಿಸಿದ್ದು ಆ ಸಲದ ಗಾಡಿ ಬಾಡಿಗೆಗೂ ಸಾಲಲಿಲ್ಲ.

ಓದುಗ ಬಂಧುಗಳೇ, ಎದೆ ಮೂಳೆ ಕೂಡಲು ಎರಡು ತಿಂಗಳಾದರೂ ಬೇಕು. ಮೂರು ತಿಂಗಳು ಮೂಟೆ ಎತ್ತಬೇಡಿ, ನೇಗಿಲು ಹಿಡಿಯಬೇಡಿ. ನಡಿಗೆ ಮಾತ್ರ ಮೊದಲ ವಾರದಿಂದಲೇ ಬೇಕು. ಆಮೇಲೆ ಡಾಕ್ಟರನ್ನು ಕೇಳಿ ನಿಧಾನವಾಗಿ ಕೆಲಸಕ್ಕೆ ಇಳಿಯಬಹುದು. ಗದ್ದಿಗೆ ಮೇಲೆ ದಿನವಿಡೀ ಕೂರುವ ವ್ಯಾಪಾರಿಗಳು ಬೆಳಗ್ಗೆ ಅರ್ಧ ಗಂಟೆ ನಡೆಯಿರಿ. ಬೀಡಿ, ಸಿಗರೇಟು ಪೂರ್ತಿ ಬಿಡಿ. ಬಿ.ಪಿ., ಸಕ್ಕರೆ ಅಳತೆಯಲ್ಲಿರಲಿ. ಡಾಕ್ಟರು ಹೇಳದೆ ಒಂದು ಮಾತ್ರೆಯನ್ನೂ ನಿಲ್ಲಿಸಬೇಡಿ. ಮನೆಯವರು ಅವರ ಮುಂದೆಯೇ ವರ್ಷ ಎಣಿಸಬೇಡಿ.

ಹೋದ ಮಳೆಗಾಲ ಬದುವಿನ ಮೇಲೆ ನಾಲ್ಕು ಹುಣಸೆ ಸಸಿ ನೆಟ್ಟೆ. ಅದೇ ಯಜಮಾನರು ನಿಂತು ನೋಡಿ, ‘ಕಾಯಿ ಬಿಡೋದು ಯಾವಾಗಪ್ಪಾ?’ ಅಂದರು. ಏಳೆಂಟು ವರ್ಷ ಆಗ್ತದೆ ಯಜಮಾನ್ರೇ, ಮೊದಲ ಹಣ್ಣು ನಿಮ್ಮ ಮನೆಗೇ ಕಳಿಸ್ತೀನಿ ಅಂದೆ. ಒಳಗಿನಿಂದ ನನ್ನ ಹೆಂಡತಿ, ‘ಮೊದಲು ಮಾತ್ರೆ ನುಂಗಿ ಬನ್ನಿ’ ಎಂದು ಕೂಗಿದಳು.