ಪರೀಕ್ಷೆ, ಲಸಿಕೆ, ಎಚ್ಚರ

ಮಾನವನು ಕಣ್ಣಿಗೆ ಕಾಣುವ ವೈರಿಯನ್ನು ಎದುರಿಸುವುದನ್ನು ಬಹು ಹಿಂದೆಯೇ ಕಲಿತನು. ಕಾಡುಮೃಗ ಬಂದರೆ ಬೆಂಕಿ ಹೊತ್ತಿಸಿದನು. ದಂಡು ಬಂದರೆ ಕೋಟೆ ಕಟ್ಟಿದನು. ಹೊಳೆ ಉಕ್ಕಿದರೆ ದಿಣ್ಣೆಯನ್ನೇರಿದನು. ಆದರೆ ಕಣ್ಣಿಗೆ ಕಾಣದ ವೈರಿಯ ಮುಂದೆ ಅವನು ಬಹುಕಾಲ ನಿಸ್ಸಹಾಯಕನಾಗಿಯೇ ಇದ್ದನು. ಸಿಡುಬು, ಕಾಲರಾ, ಪ್ಲೇಗು ಮೊದಲಾದ ಸಾಂಕ್ರಾಮಿಕ ರೋಗಗಳು ಎಲ್ಲಿಂದ ಬರುತ್ತವೆ, ಹೇಗೆ ಹರಡುತ್ತವೆ ಎಂಬುದು ತಿಳಿಯದಿದ್ದ ಕಾಲದಲ್ಲಿ ಅವನಿಗೆ ಉಳಿದಿದ್ದ ದಾರಿಗಳು ಎರಡೇ: ಒಂದು ಪ್ರಾರ್ಥನೆ, ಇನ್ನೊಂದು ಪಲಾಯನ.

1898ರಲ್ಲಿ ಪ್ಲೇಗು ಬೆಂಗಳೂರಿಗೆ ಕಾಲಿಟ್ಟಿತು. ಸಾವಿರಾರು ಮಂದಿ ಪ್ರಾಣ ಕಳೆದುಕೊಂಡರು. ಅನೇಕರು ಊರನ್ನೇ ತೊರೆದರು. ಮುಂದಿನ ವರ್ಷಗಳಲ್ಲಿ ಮೈಸೂರು ಸೀಮೆಯ ಹಳ್ಳಿಗಳಲ್ಲಿ ‘ಇಲಿ ಬಿತ್ತು’ ಎಂಬ ಸುದ್ದಿ ಕೇಳಿದೊಡನೆ ಜನರು ಮನೆಗಳಿಗೆ ಬೀಗ ಹಾಕಿ, ಹೊಲಗಳಲ್ಲಿ ಗುಡಿಸಲು ಕಟ್ಟಿಕೊಂಡು ವಾಸಿಸುತ್ತಿದ್ದರು. ಆ ದಿನಗಳಲ್ಲಿ ರೋಗದಷ್ಟೇ ಭಯವೂ ಜನರನ್ನು ಪೀಡಿಸಿತು. ಕಾಯಿಲೆಯ ಸುಳಿವು ಸಿಕ್ಕಿದರೆ ಅಧಿಕಾರಿಗಳು ರೋಗಿಯನ್ನು ಮನೆಯಿಂದ ಒಯ್ಯುವರೆಂದು ಅಂಜಿ ಎಷ್ಟೋ ಕುಟುಂಬದವರು ರೋಗಿಗಳನ್ನು ಮುಚ್ಚಿಟ್ಟರು. ಮುಚ್ಚಿಟ್ಟ ರೋಗವು ಗುಟ್ಟಾಗಿಯೇ ಮನೆಯಿಂದ ಮನೆಗೆ ಹರಡಿತು.

ಇದಾದ ಸುಮಾರು 120 ವರ್ಷಗಳ ಬಳಿಕ, 2019ರ ಡಿಸೆಂಬರಿನಲ್ಲಿ, ಚೀನಾ ದೇಶದ ವುಹಾನ್ ನಗರದಲ್ಲಿ ಒಂದು ಹೊಸ ಬಗೆಯ ಶ್ವಾಸಕೋಶದ ರೋಗವು ಕಾಣಿಸಿಕೊಂಡಿತು. 2020ರ ಜನವರಿ 30ರಂದು ಭಾರತದ ಮೊದಲ ಪ್ರಕರಣವು ಕೇರಳದಲ್ಲಿ ಪತ್ತೆಯಾಯಿತು. ಮಾರ್ಚ್ ತಿಂಗಳಿನಲ್ಲಿ ಕಲಬುರಗಿಯ ವೃದ್ಧರೊಬ್ಬರು ತೀರಿಕೊಂಡರು. ನಮ್ಮ ದೇಶದಲ್ಲಿ ಈ ರೋಗದಿಂದ ಸಂಭವಿಸಿದುದಾಗಿ ದಾಖಲಾದ ಮೊದಲ ಮರಣ ಅದು. ಅದೇ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆಯು ಇದನ್ನು ಜಾಗತಿಕ ಪಿಡುಗೆಂದು ಸಾರಿತು. ಮಾರ್ಚ್ 25ರಿಂದ ದೇಶಕ್ಕೆ ದೇಶವೇ ಬಾಗಿಲು ಮುಚ್ಚಿ ಕುಳಿತಿತು. ರೈಲುಗಾಡಿಗಳು ನಿಂತುವು, ಶಾಲೆಗಳು ಮೌನವಾದುವು, ಕೂಲಿಯನ್ನರಸಿ ಪಟ್ಟಣ ಸೇರಿದ್ದವರು ಗಂಟುಮೂಟೆ ಹೊತ್ತು ನೂರಾರು ಮೈಲಿ ನಡೆದು ಊರು ಸೇರಿದರು.

ಆಗ ಹಳೆಯ ಭಯವು ಮತ್ತೆ ತಲೆಯೆತ್ತಿತು. ಜ್ವರ ಬಂದವರು ಜ್ವರವೆಂದು ಹೇಳಲು ಹಿಂಜರಿದರು. ಸೋಂಕು ತಗುಲಿದವರ ಮನೆಯತ್ತ ನೆರೆಹೊರೆಯವರು ಕಣ್ಣೆತ್ತಿ ನೋಡದಂತಾಯಿತು. ರೋಗಿಗಳ ಶುಶ್ರೂಷೆ ಮಾಡುತ್ತಿದ್ದ ವೈದ್ಯರಿಗೆ, ದಾದಿಯರಿಗೆ ಬಾಡಿಗೆಯ ಮನೆಯನ್ನು ಬಿಟ್ಟುಕೊಡುವಂತೆ ಹೇಳಿದವರೂ ಉಂಟು. ಆದರೆ 1898ಕ್ಕೂ 2020ಕ್ಕೂ ಒಂದು ದೊಡ್ಡ ಅಂತರವಿದ್ದಿತು. ಈ ಸಲ ವೈರಿಯ ಸ್ವರೂಪವು ಬಹುಬೇಗ ತಿಳಿಯಿತು. ಅದನ್ನು ಕಂಡುಹಿಡಿಯುವ ಬಗೆಯೂ ತಡೆಯುವ ಬಗೆಯೂ ಮನುಷ್ಯನ ಕೈಯಲ್ಲಿದ್ದುವು. ಆ ತಿಳಿವನ್ನು ಜನರು ನಂಬುವರೇ, ಅದು ಹಳ್ಳಿಯ ಕೊನೆಯ ಮನೆಯನ್ನು ಮುಟ್ಟುವುದೇ ಎಂಬುದೇ ಅಂದಿನ ಪ್ರಶ್ನೆಯಾಗಿದ್ದಿತು.

ಈ ರೋಗಕ್ಕೆ ಕಾರಣವಾದುದು ಕೊರೋನಾ ಎಂಬ ವೈರಾಣುಗಳ ಗುಂಪಿಗೆ ಸೇರಿದ ಒಂದು ಹೊಸ ವೈರಾಣು. ಹತ್ತು ಸಾವಿರ ವೈರಾಣುಗಳನ್ನು ಒಂದರ ಪಕ್ಕದಲ್ಲೊಂದು ಇಟ್ಟರೂ ಆ ಸಾಲಿನ ಉದ್ದ ಸುಮಾರು ಒಂದು ಮಿಲಿಮೀಟರ್ ಮಾತ್ರ. ಅದರ ಮೈಮೇಲೆ ಮುಳ್ಳುಗಳಂತಹ ರಚನೆಗಳು ಸುತ್ತಲೂ ಹರಡಿರುತ್ತವೆ. ಸೂಕ್ಷ್ಮದರ್ಶಕದಲ್ಲಿ ಇದು ಕಿರೀಟದಂತೆ ತೋರುವುದರಿಂದ ಲ್ಯಾಟಿನ್ ಭಾಷೆಯಲ್ಲಿ ಕಿರೀಟವೆಂಬ ಅರ್ಥವುಳ್ಳ ‘ಕೊರೋನಾ’ ಎಂಬ ಹೆಸರನ್ನು ಈ ಗುಂಪಿಗೆ ಇಟ್ಟರು. ಮನುಷ್ಯರಿಗೆ ನೆಗಡಿ ತರುವ ಇಂತಹ ವೈರಾಣುವೊಂದನ್ನು 1964ರಲ್ಲಿ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಮೂಲಕ ಮೊದಲು ಕಂಡವರು ಜೂನ್ ಅಲ್ಮೇಡಾ ಎಂಬ ಮಹಿಳೆ. ಸ್ಕಾಟ್ಲೆಂಡಿನ ಬಸ್ ಚಾಲಕರೊಬ್ಬರ ಮಗಳಾದ ಆಕೆ ಹದಿನಾರನೆಯ ವಯಸ್ಸಿನಲ್ಲಿ ಶಾಲೆಯನ್ನು ಬಿಡಬೇಕಾಯಿತು. ಪ್ರಯೋಗಾಲಯದಲ್ಲಿ ಸಹಾಯಕಿಯಾಗಿ ಸೇರಿ, ಕೆಲಸದಿಂದಲೇ ಕಲಿತು, ಆಕೆ ಈ ಎತ್ತರಕ್ಕೇರಿದರೆಂಬುದು ವಿದ್ಯಾರ್ಥಿಗಳು ಗಮನಿಸಬೇಕಾದ ಸಂಗತಿ.

ವೈರಾಣುವು ತಾನಾಗಿ ಬೆಳೆಯಲಾರದು. ಅದು ಜೀವಕೋಶದೊಳಗೆ ನುಗ್ಗಿ, ಆ ಕೋಶದ ಸಲಕರಣೆಗಳಿಂದಲೇ ತನ್ನಂತಹ ಅಸಂಖ್ಯಾತ ವೈರಾಣುಗಳನ್ನು ಮಾಡಿಸಿಕೊಳ್ಳುತ್ತದೆ. ಸೋಂಕು ತಗುಲಿದವನು ಕೆಮ್ಮಿದಾಗ, ಸೀನಿದಾಗ, ಮಾತನಾಡಿದಾಗ ಅವನ ಬಾಯಿ ಮೂಗುಗಳಿಂದ ಹೊರಡುವ ಸಣ್ಣ ಹನಿಗಳಲ್ಲಿ ಅದು ಹೊರಬೀಳುತ್ತದೆ. ದೊಡ್ಡ ಹನಿಗಳು ನೆಲಕ್ಕೆ ಬೀಳುತ್ತವೆ; ಅತಿ ಸೂಕ್ಷ್ಮವಾದುವು ಗಾಳಿಯಲ್ಲಿ ತೇಲುತ್ತವೆ. ಮೊದಮೊದಲು ಕೈಗಳ ಮೂಲಕ, ಮುಟ್ಟಿದ ವಸ್ತುಗಳ ಮೂಲಕ ಹರಡುವುದೇ ಹೆಚ್ಚೆಂದು ಭಾವಿಸಿದ್ದರು. ಗಾಳಿಯಾಡದ ಕೋಣೆಯೊಳಗಿನ ಉಸಿರೇ ಹೆಚ್ಚು ಅಪಾಯಕಾರಿಯೆಂಬುದು ಅನಂತರ ಸ್ಪಷ್ಟವಾಯಿತು. ಹೊಸ ಆಧಾರ ದೊರೆತಾಗ ಹಳೆಯ ಅಭಿಪ್ರಾಯವನ್ನು ತಿದ್ದಿಕೊಳ್ಳುವುದು ವಿಜ್ಞಾನದ ಧರ್ಮ.

ರೋಗವನ್ನು ತಡೆಯಬೇಕಾದರೆ ಅದು ಯಾರಲ್ಲಿದೆಯೆಂಬುದು ಮೊದಲು ತಿಳಿಯಬೇಕು. ಕೊರೋನಾ ಸೋಂಕಿನ ಲಕ್ಷಣಗಳು ಸಾಮಾನ್ಯ ನೆಗಡಿ ಜ್ವರಗಳ ಲಕ್ಷಣಗಳನ್ನೇ ಹೋಲುತ್ತವೆ. ಕೆಲವರಲ್ಲಿ ಲಕ್ಷಣಗಳೇ ತೋರುವುದಿಲ್ಲ. ಆದುದರಿಂದ ಪರೀಕ್ಷೆಯು ಅಗತ್ಯವಾಯಿತು. ಪರೀಕ್ಷೆಯ ಕ್ರಮ ಸರಳವಾದುದು. ಆರೋಗ್ಯ ಕೇಂದ್ರದ ಸಿಬ್ಬಂದಿಯು ತುದಿಯಲ್ಲಿ ಹತ್ತಿಯಂತಹ ಎಳೆಗಳಿರುವ ಕಡ್ಡಿಯಿಂದ ಮೂಗು ಗಂಟಲುಗಳ ದ್ರವವನ್ನು ತೆಗೆದು ಪ್ರಯೋಗಾಲಯಕ್ಕೆ ಕಳುಹಿಸುತ್ತಾರೆ. ಅಲ್ಲಿ ಆರ್‌ಟಿ-ಪಿಸಿಆರ್ ಎಂಬ ವಿಧಾನದಿಂದ ವೈರಾಣುವಿನ ಅನುವಂಶೀಯ ವಸ್ತುವನ್ನು ಹುಡುಕುತ್ತಾರೆ. ಈ ವಿಧಾನದ ತಿರುಳು ಇಮ್ಮಡಿಸುವುದರಲ್ಲಿದೆ. ಒಂದು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ, ನಾಲ್ಕು ಎಂಟಾಗುತ್ತದೆ. ಹೀಗೆ ಮೂವತ್ತು ಬಾರಿ ಇಮ್ಮಡಿಸಿದರೆ ಒಂದೇ ಒಂದು ತುಣುಕು ನೂರು ಕೋಟಿಗೂ ಮಿಕ್ಕುತ್ತದೆ. ಕಾಣದಿದ್ದುದು ಹೀಗೆ ಕಾಣುವಷ್ಟಾಗುತ್ತದೆ. 1983ರಲ್ಲಿ ಈ ವರ್ಧನದ ಉಪಾಯವನ್ನು ಕಂಡುಕೊಂಡ ಅಮೆರಿಕದ ಕ್ಯಾರಿ ಮುಲ್ಲಿಸರಿಗೆ 1993ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು.

ಇನ್ನೊಂದು ಬಗೆಯದು ಶೀಘ್ರ ಪ್ರತಿಜನಕ ಪರೀಕ್ಷೆ. ಇದರಲ್ಲಿ ವೈರಾಣುವಿನ ಪ್ರೋಟೀನನ್ನು ಸಣ್ಣ ಪಟ್ಟಿಯೊಂದರ ಮೇಲೆ ಗುರುತಿಸುತ್ತಾರೆ. ಅರ್ಧ ಗಂಟೆಯೊಳಗಾಗಿ ಫಲಿತಾಂಶವು ಗೊತ್ತಾಗುತ್ತದೆ. ಆದರೆ ವೈರಾಣುಗಳ ಸಂಖ್ಯೆ ಕಡಮೆಯಿದ್ದರೆ ಇದು ಅವುಗಳನ್ನು ಗುರುತಿಸದೆ ಹೋಗಬಹುದು. ಆದುದರಿಂದ ಲಕ್ಷಣಗಳಿದ್ದೂ ಈ ಪಟ್ಟಿಯಲ್ಲಿ ‘ಸೋಂಕಿಲ್ಲ’ವೆಂದು ಬಂದವರಿಗೆ ಮೊದಲನೆಯ ಪರೀಕ್ಷೆಯನ್ನೂ ಮಾಡಿಸುವಂತೆ ವೈದ್ಯರು ಹೇಳುತ್ತಿದ್ದರು.

ಪರೀಕ್ಷೆಯೆಂದರೆ ಅಪವಾದವಲ್ಲ, ಅದು ದಾರಿ ತೋರುವ ದೀಪ. ಇದನ್ನರಿಯದೆ ತಡಮಾಡಿದವರು ಪಟ್ಟ ಪಾಡು 2021ರ ಏಪ್ರಿಲ್ ಮೇ ತಿಂಗಳುಗಳ ಎರಡನೆಯ ಅಲೆಯಲ್ಲಿ ಕಂಡುಬಂದಿತು. ಈ ರೋಗದಲ್ಲಿ ರಕ್ತದ ಆಮ್ಲಜನಕವು ರೋಗಿಗೇ ಅರಿವಾಗದಂತೆ ಇಳಿಯುವುದುಂಟು. ಬೆರಳಿಗೆ ಸಿಕ್ಕಿಸುವ ಪುಟ್ಟ ಉಪಕರಣದಿಂದ ಅದನ್ನು ಅಳೆದು, ಶೇಕಡಾ 94ಕ್ಕಿಂತ ಕೆಳಗಿಳಿದರೆ ಕೂಡಲೇ ವೈದ್ಯರಲ್ಲಿಗೆ ಬರಬೇಕೆಂದು ಆರೋಗ್ಯ ಕೇಂದ್ರಗಳು ತಿಳಿಸಿದುವು. ಜ್ವರವನ್ನು ಬಚ್ಚಿಟ್ಟು, ಉಸಿರು ಕಟ್ಟಿದ ಮೇಲೆ ಆಸ್ಪತ್ರೆಗೆ ಓಡಿದವರಲ್ಲಿ ಎಷ್ಟೋ ಮಂದಿಗೆ ಹಾಸಿಗೆಯೂ ದೊರೆಯಲಿಲ್ಲ, ಆಮ್ಲಜನಕವೂ ದೊರೆಯಲಿಲ್ಲ. ಊರು ಸೂರೆಹೋದ ಮೇಲೆ ದಿಡ್ಡಿಬಾಗಿಲು ಮುಚ್ಚಿದರೆಂಬ ಗಾದೆ ಇಂತಹ ಸಂದರ್ಭಕ್ಕೇ ಹುಟ್ಟಿದಂತಿದೆ.

ಇನ್ನು ಲಸಿಕೆಯ ವಿಚಾರ. 1796ರ ಮೇ 14ರಂದು ಇಂಗ್ಲೆಂಡಿನ ವೈದ್ಯ ಎಡ್ವರ್ಡ್ ಜೆನ್ನರನು ಎಂಟು ವರ್ಷದ ಜೇಮ್ಸ್ ಫಿಪ್ಸ್ ಎಂಬ ಬಾಲಕನ ತೋಳಿಗೆ ಗೋಸಿಡುಬಿನ ದ್ರವವನ್ನು ಹಾಕಿದನು. ಹಾಲು ಕರೆಯುವ ಹೆಂಗಸರಿಗೆ ಆಕಳಿನಿಂದ ತಗುಲುವ ಆ ಸೌಮ್ಯ ರೋಗವು ಮಾರಕವಾದ ಸಿಡುಬಿನಿಂದ ರಕ್ಷಿಸುತ್ತದೆಂಬ ಮಾತನ್ನು ಅವನು ಪರೀಕ್ಷಿಸಿ ನೋಡಿದನು. ಆರು ವರ್ಷಗಳ ಬಳಿಕ, 1802ರ ಜೂನ್ 14ರಂದು, ಮುಂಬಯಿಯಲ್ಲಿ ಅನ್ನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಹೆಣ್ಣು ಮಗು ಭಾರತದಲ್ಲಿ ಈ ಲಸಿಕೆಯನ್ನು ಯಶಸ್ವಿಯಾಗಿ ಪಡೆದ ಮೊದಲಿಗಳಾದಳು. ಆಗ ಶೀತಪೆಟ್ಟಿಗೆಗಳಿರಲಿಲ್ಲ. ಒಬ್ಬರ ತೋಳಿನ ಗುಳ್ಳೆಯಿಂದ ದ್ರವವನ್ನು ತೆಗೆದು ಇನ್ನೊಬ್ಬರ ತೋಳಿಗೆ ಹಾಕುತ್ತ, ತೋಳಿನಿಂದ ತೋಳಿಗೆ ಲಸಿಕೆಯನ್ನು ದೂರ ದೂರದ ಊರುಗಳಿಗೆ ಸಾಗಿಸಿದರು. ಆ ಸರಪಳಿಯ ಫಲವಾಗಿ 1980ರಲ್ಲಿ ಸಿಡುಬು ಭೂಮಂಡಲದಿಂದಲೇ ನಿರ್ಮೂಲವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆಯು ಘೋಷಿಸಿತು.

ಲಸಿಕೆಯು ರೋಗವನ್ನು ಗುಣಪಡಿಸುವ ಔಷಧವಲ್ಲ. ಊರಿನ ತಳವಾರನಿಗೆ ಕಳ್ಳನ ಚಹರೆಯನ್ನು ಮೊದಲೇ ತೋರಿಸಿಟ್ಟರೆ, ಕಳ್ಳನು ಊರ ಬಾಗಿಲಿಗೆ ಬಂದೊಡನೆ ಅವನು ಗುರುತು ಹಿಡಿಯುತ್ತಾನೆ. ಹಾಗೆಯೇ ಲಸಿಕೆಯು ಶರೀರದ ರಕ್ಷಣಾ ಕೋಶಗಳಿಗೆ ವೈರಾಣುವಿನ ಗುರುತನ್ನು ಮುಂಚಿತವಾಗಿ ಕಲಿಸುತ್ತದೆ. ಭಾರತದಲ್ಲಿ 2021ರ ಜನವರಿ 16ರಂದು ಕೊರೋನಾ ಲಸಿಕೆಯ ಕಾರ್ಯ ಆರಂಭವಾದಾಗ ಎರಡು ಲಸಿಕೆಗಳು ಬಳಕೆಗೆ ಬಂದುವು. ಹೈದರಾಬಾದಿನಲ್ಲಿ ತಯಾರಾದ ಕೋವ್ಯಾಕ್ಸಿನ್‌ನಲ್ಲಿ ನಿರ್ಜೀವಗೊಳಿಸಿದ ಕೊರೋನಾ ವೈರಾಣುವೇ ಇರುತ್ತದೆ. ಪುಣೆಯಲ್ಲಿ ತಯಾರಾದ ಕೋವಿಶೀಲ್ಡ್‌ನಲ್ಲಿ ಬೇರೊಂದು ನಿರುಪದ್ರವಿ ವೈರಾಣುವು ಕೊರೋನಾ ಮುಳ್ಳಿನ ಗುರುತನ್ನು ಮಾತ್ರ ಹೊತ್ತೊಯ್ದು ಕೋಶಗಳಿಗೆ ತಿಳಿಸುತ್ತದೆ.

ಈ ಲಸಿಕೆಗಳನ್ನು 2ರಿಂದ 8 ಡಿಗ್ರಿ ಸೆಲ್ಷಿಯಸ್ ಶೀತದಲ್ಲಿಯೇ ಇಟ್ಟಿರಬೇಕು. ಕಾರ್ಖಾನೆಯಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲ್ಲೂಕಿಗೆ, ಅಲ್ಲಿಂದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬರುವವರೆಗೆ ಆ ತಂಪು ಒಂದು ಗಳಿಗೆಯೂ ತಪ್ಪದಂತೆ ನೋಡಿಕೊಂಡವರು ಸಾಮಾನ್ಯ ನೌಕರರು. ಲಸಿಕೆ ಹಾಕಿಸಿಕೊಂಡವರನ್ನು ಅರ್ಧ ಗಂಟೆ ಕುಳ್ಳಿರಿಸಿ ಗಮನಿಸಿ ಕಳುಹಿಸಿದವರು ದಾದಿಯರು. ಆಶಾ ಕಾರ್ಯಕರ್ತೆಯರು ಮನೆಮನೆಯ ಬಾಗಿಲು ತಟ್ಟಿ, ವೃದ್ಧರ ಪಟ್ಟಿ ಮಾಡಿ, ಬರಲಾರದವರನ್ನು ಕರೆತಂದರು. 2021ರ ಅಕ್ಟೋಬರ್ 21ರ ಹೊತ್ತಿಗೆ ದೇಶದಲ್ಲಿ 100 ಕೋಟಿ ಸಲ ಲಸಿಕೆ ನೀಡಿಯಾಗಿದ್ದಿತು. 2022ರ ಜನವರಿ 3ರಿಂದ ಹದಿನೈದು ತುಂಬಿದ ಶಾಲಾ ಮಕ್ಕಳಿಗೂ ಅದು ದೊರೆಯಿತು.

ಜನರ ಸಂದೇಹಗಳು ಸಹಜವಾದುವೇ. ಲಸಿಕೆ ಹಾಕಿಸಿಕೊಂಡರೂ ಸೋಂಕು ಬರಬಹುದಲ್ಲವೇ ಎಂದು ಕೆಲವರು ಕೇಳಿದರು. ಬರಬಹುದು; ಆದರೆ ರೋಗವು ಉಲ್ಬಣಿಸುವ, ಪ್ರಾಣಕ್ಕೆ ಎರವಾಗುವ ಸಂಭವವು ಬಹಳ ಕಡಮೆಯಾಗುತ್ತದೆ. ತೊಂದರೆಯಿಲ್ಲವೇ ಎಂದು ಮತ್ತೆ ಕೆಲವರು ಕೇಳಿದರು. ಬಹುಮಂದಿಗೆ ಒಂದೆರಡು ದಿನ ತೋಳುನೋವು, ಮೈಬೆಚ್ಚಗಾಗುವುದು ಮಾತ್ರ. ಅತ್ಯಂತ ವಿರಳವಾಗಿ ರಕ್ತ ಹೆಪ್ಪುಗಟ್ಟುವಂತಹ ಗಂಭೀರ ಪರಿಣಾಮಗಳೂ ಕಂಡುಬಂದಿವೆ. ಇದನ್ನು ಮುಚ್ಚಿಡದೆ ತಿಳಿಸಿ, ರೋಗದಿಂದಾಗುವ ಹಾನಿಯೊಡನೆ ತೂಗಿ ನೋಡಿ ಸಲಹೆ ನೀಡುವುದೇ ವೈದ್ಯರ ಕರ್ತವ್ಯ. ಸಂದೇಹಪಡುವವರನ್ನು ಹೀಯಾಳಿಸಿದರೆ ಸಂದೇಹವು ಗಟ್ಟಿಯಾಗುತ್ತದೆ. ಉತ್ತರ ನೀಡಿದರೆ ಕರಗುತ್ತದೆ. ಊರಿನ ಪರಿಚಯವಿರುವ ದಾದಿಯೊಬ್ಬಳು ಜಗುಲಿಯ ಮೇಲೆ ಕುಳಿತು ಸಾವಧಾನವಾಗಿ ಹೇಳಿದ ಮಾತು ಅನೇಕ ಕಡೆ ದೊಡ್ಡ ಪ್ರಕಟಣೆಗಳಿಗಿಂತ ಹೆಚ್ಚಿನ ಫಲ ನೀಡಿತು.

ಪರೀಕ್ಷೆ ಲಸಿಕೆಗಳ ಜೊತೆಗೆ ದಿನನಿತ್ಯದ ಎಚ್ಚರವೂ ಬೇಕು. ಕೆಮ್ಮುವಾಗ ಸೀನುವಾಗ ಮೊಣಕೈಯನ್ನೋ ವಸ್ತ್ರವನ್ನೋ ಅಡ್ಡ ಹಿಡಿಯಬೇಕು. ಕೈಗಳನ್ನು ಸಾಬೂನಿನಿಂದ ಇಪ್ಪತ್ತು ಸೆಕೆಂಡುಗಳಾದರೂ ಉಜ್ಜಿ ತೊಳೆಯಬೇಕು. ವೈರಾಣುವಿನ ಹೊರಪದರವು ಜಿಡ್ಡಿನದಾದುದರಿಂದ ಸಾಬೂನು ಅದನ್ನು ಒಡೆದುಬಿಡುತ್ತದೆ. ಮನೆ ಶಾಲೆಗಳ ಕಿಟಕಿಗಳನ್ನು ತೆರೆದಿಡಬೇಕು. ಜ್ವರ ಕೆಮ್ಮು ಇರುವವರು ಮನೆಯಲ್ಲಿಯೇ ಉಳಿಯಬೇಕು. ಹೊರಡಲೇಬೇಕಾದರೆ ಮೂಗು ಬಾಯಿಗಳೆರಡೂ ಮುಚ್ಚುವಂತೆ ಮುಖಗವಸನ್ನು ಧರಿಸಬೇಕು. ವೈದ್ಯರನ್ನು ಕೇಳದೆ ಔಷಧ ನುಂಗಬಾರದು. 2021ರಲ್ಲಿ ಸ್ಟೀರಾಯ್ಡ್ ಔಷಧಗಳನ್ನು ಮಿತಿಮೀರಿ ಬಳಸಿದ ಮಧುಮೇಹಿಗಳಲ್ಲಿ ಅನೇಕರು ಕಪ್ಪು ಶಿಲೀಂಧ್ರವೆಂಬ ಘೋರ ರೋಗಕ್ಕೆ ತುತ್ತಾದರು.

2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆಯು ಕೊರೋನಾದ ತುರ್ತು ಪರಿಸ್ಥಿತಿಯು ಮುಗಿಯಿತೆಂದು ಸಾರಿತು. ಅಷ್ಟರಲ್ಲಿ ಭಾರತದಲ್ಲಿ ಸರಕಾರದ ಲೆಕ್ಕದಂತೆಯೇ 5 ಲಕ್ಷಕ್ಕೂ ಮಿಕ್ಕಿದ ಜನರು ಅಸುನೀಗಿದ್ದರು. ತುರ್ತು ಮುಗಿದರೂ ವೈರಾಣು ಮಾಯವಾಗಿಲ್ಲ; ಅದು ರೂಪ ಬದಲಿಸುತ್ತ ಲೋಕದಲ್ಲಿ ಉಳಿದಿದೆ. ಲಸಿಕೆ ಈಗ ಯಾರಿಗೆ, ಯಾವಾಗ ಬೇಕೆಂಬುದನ್ನು ಸಮೀಪದ ಆರೋಗ್ಯ ಕೇಂದ್ರದ ವೈದ್ಯರಿಂದಲೇ ಕೇಳಿ ತಿಳಿಯಬೇಕು.

ಸಾಂಕ್ರಾಮಿಕ ರೋಗವು ಒಬ್ಬನ ಮನೆಯ ಕಷ್ಟವಾಗಿ ಉಳಿಯುವುದಿಲ್ಲ. ತರುಣನೊಬ್ಬನು ಜ್ವರವಿದ್ದಾಗ ಹೊರಗೆ ಹೋಗದೆ ಉಳಿದರೆ, ಅವನಿಗೆ ಪರಿಚಯವೇ ಇಲ್ಲದ ಮುದುಕಿಯೊಬ್ಬಳು ಬದುಕಿಕೊಳ್ಳಬಹುದು. ಕ್ಯಾನ್ಸರಿನ ಚಿಕಿತ್ಸೆಯಲ್ಲಿರುವವರಂತಹ ದುರ್ಬಲರಿಗೆ ಲಸಿಕೆ ಪೂರ್ತಿ ಫಲ ಕೊಡದಿರಬಹುದು. ಸುತ್ತಲಿನವರ ಎಚ್ಚರವೇ ಅವರಿಗೆ ಕೋಟೆ. 1898ರ ಜನರು ರೋಗವನ್ನು ಮುಚ್ಚಿಟ್ಟುದು ಅವರ ಬಳಿ ಬೇರೆ ದಾರಿಯಿಲ್ಲದುದರಿಂದ. ಇಂದಿನವರಿಗೆ ಪರೀಕ್ಷೆಯಿದೆ, ಲಸಿಕೆಯಿದೆ, ನಡೆದುಹೋಗುವಷ್ಟು ದೂರದಲ್ಲಿ ಆರೋಗ್ಯ ಕೇಂದ್ರದ ಬಾಗಿಲೂ ಎಷ್ಟೋ ಊರುಗಳಲ್ಲಿ ತೆರೆದಿದೆ. ಮುಂದೆ ಯಾವ ರೋಗವೇ ಬರಲಿ, ಜ್ವರ ಬಂದವನು ಅಂಜದೆ ಆ ಬಾಗಿಲಿಗೆ ಹೋಗುವಂತೆ, ಹೋಗಿ ಬಂದವನನ್ನು ನೆರೆಯವರು ಆದರದಿಂದ ಕಾಣುವಂತೆ ನಡೆದುಕೊಳ್ಳುವುದು ಪ್ರತಿಯೊಬ್ಬ ನಾಗರಿಕನ ಹೊಣೆಯಾಗಿದೆ.