ರೇಡಿಯೇಟರಿನ ಹಳೆಯ ನೀರು

ಕಾರನ್ನು ಕೊಂಡ ಗೃಹಸ್ಥನು ಅದರ ಮೈಮೇಲೆ ಬಿದ್ದ ಗೀರನ್ನು ಬಗ್ಗಿ ನೋಡುತ್ತಾನೆ, ಟೈರಿನ ಗಾಳಿಯನ್ನು ವಿಚಾರಿಸುತ್ತಾನೆ, ಎಂಜಿನ್ ಆಯಿಲನ್ನು ಕಾಲಕಾಲಕ್ಕೆ ಬದಲಾಯಿಸಬೇಕೆಂಬ ವಿಧಿಯನ್ನೂ ಚಾಚೂ ತಪ್ಪದೆ ನಡೆಸುತ್ತಾನೆ. ಆದರೆ ಬಾನೆಟ್ಟಿನ ಮೂಲೆಯ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಸಿರಾಗಿಯೋ ಕೆಂಪಾಗಿಯೋ ನಿಂತಿರುವ ಕೂಲೆಂಟಿನ ವಿಷಯದಲ್ಲಿ ಮಾತ್ರ, ಅದು ಎರಡು ಗೆರೆಗಳ ನಡುವೆ ಇದೆಯೆ ಇಲ್ಲವೆ ಎಂಬುದರಾಚೆಗೆ ಅವನ ಜಿಜ್ಞಾಸೆ ಹೋಗುವುದು ಅಪೂರ್ವ. ಪ್ರಮಾಣ ಸರಿಯಿದ್ದಲ್ಲಿ ಗುಣವೂ ಸರಿಯಿದ್ದೀತೆಂಬ ನಂಬಿಕೆ ಈ ದ್ರವದ ಮಟ್ಟಿಗೆ ಸಲ್ಲದು. ಅದು ಒಂದು ತೊಟ್ಟೂ ಕಡಮೆಯಾಗದೆ ಕೆಡಬಲ್ಲುದು.

ಸಿಲಿಂಡರಿನೊಳಗೆ ಪೆಟ್ರೋಲು ಉರಿಯುವ ಕ್ಷಣದಲ್ಲಿ ಅನಿಲದ ಉಷ್ಣತೆ 2,000 ಡಿಗ್ರಿ ಸೆಲ್ಸಿಯಸ್ಸನ್ನು ಮೀರುತ್ತದೆ. ಸಿಲಿಂಡರನ್ನು ಮೇಲಿನಿಂದ ಮುಚ್ಚಿಕೊಂಡಿರುವ ಹೆಡ್ಡಿನ ಅಲ್ಯೂಮಿನಿಯಮ್ಮಾದರೋ 660 ಡಿಗ್ರಿಯನ್ನು ಮುಟ್ಟುವುದರೊಳಗಾಗಿಯೇ ಕರಗತಕ್ಕ ಲೋಹ. ಈ ವೈಷಮ್ಯವನ್ನು ದಿನವಿಡೀ ನಿಭಾಯಿಸುವ ಭಾರ ಬಿದ್ದಿರುವುದು ವಾಟರ್ ಪಂಪು, 80 ಡಿಗ್ರಿ ದಾಟಿದ ಮೇಲೆ ಬಾಯಿ ತೆರೆಯುವ ಥರ್ಮೋಸ್ಟಾಟು, ಗಾಳಿಗೆ ಮೈಯೊಡ್ಡಿದ ರೇಡಿಯೇಟರು, ಇವುಗಳ ನಡುವೆ ಎಡೆಬಿಡದೆ ಸುತ್ತುವ ಮೂರು ನಾಲ್ಕು ಲೀಟರು ದ್ರವದ ಮೇಲೆ. 1983ರ ಡಿಸೆಂಬರಿನಲ್ಲಿ ಬೀದಿಗಿಳಿದು ಮಧ್ಯಮವರ್ಗದ ಮನೆಮನೆಯ ಮುಂದೆ ನಿಂತ ಮಾರುತಿ 800ರ ಮೂರು ಸಿಲಿಂಡರುಗಳ, 796 ಸಿಸಿಯ ಪುಟ್ಟ ಎಂಜಿನ್ನಿಗೂ ಇದೇ ವ್ಯವಸ್ಥೆ. ಇಂದಿನ ಸಣ್ಣ ಕಾರುಗಳಿಗೂ ಇದೇ.

ಹಿಂದಿನ ಅಂಬಾಸಿಡರು, ಫಿಯೆಟ್ಟುಗಳ ಕಾಲದಲ್ಲಿ ನಲ್ಲಿಯ ನೀರೇ ಸಾಕಾಗಿತ್ತಲ್ಲ ಎಂದು ಹಿರಿಯರು ಹೇಳುವುದುಂಟು. ಸಾಕಾಗುತ್ತಿತ್ತೆಂಬುದಕ್ಕೆ ಸಾಕ್ಷಿಯಾಗಿ ಆಗುಂಬೆ, ಚಾರ್ಮಾಡಿ, ಶಿರಾಡಿಯ ತಿರುವುಗಳಲ್ಲಿ ಬಾನೆಟ್ಟು ತೆರೆದು, ಬುಸುಗುಡುವ ಹಬೆಯ ಮುಂದೆ ಕೊಡ ಹಿಡಿದು ನಿಲ್ಲುತ್ತಿದ್ದ ಡ್ರೈವರುಗಳನ್ನು ನೆನೆದರೆ ಸಾಕು! ಬರಿಯ ನೀರು 100 ಡಿಗ್ರಿಗೆ ಕುದಿಯುತ್ತದೆ. 1856ರಲ್ಲಿ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ವರ್ಟ್ಸ್ ಮೊದಲು ತಯಾರಿಸಿದ ಎಥಿಲೀನ್ ಗ್ಲೈಕಾಲ್ ಎಂಬ ದ್ರವವನ್ನು ಅದಕ್ಕೆ ಸಮಪಾಲಾಗಿ ಬೆರೆಸಿದರೆ 107 ಡಿಗ್ರಿಯ ಸುಮಾರಿಗೆ ಕುದಿಯುತ್ತದೆ. ರೇಡಿಯೇಟರಿನ ಮುಚ್ಚಳವು ಒಳಗಿನ ಒತ್ತಡವನ್ನು ಹಿಡಿದಿಡುವುದರಿಂದ ಈ ಮೇರೆ ಇನ್ನೂ ಇಪ್ಪತ್ತು ಡಿಗ್ರಿಯಷ್ಟು ಮೇಲಕ್ಕೇರುತ್ತದೆ. ಹಿಮ ಬೀಳುವ ದೇಶಗಳಲ್ಲಿ ಈ ಮಿಶ್ರಣದ ಕೀರ್ತಿಗೆ ಕಾರಣವೇ ಬೇರೆ: ಅದು ಸೊನ್ನೆಯಿಂದ 37 ಡಿಗ್ರಿ ಕೆಳಗಿಳಿಯುವ ತನಕ ಹೆಪ್ಪುಗಟ್ಟದು. ರಾಯಚೂರಿನ ಬೇಸಗೆಯಲ್ಲಿ ಕಾರೋಡಿಸುವವನಿಗೆ ಆ ಗುಣದಿಂದ ಏನೂ ಆಗಬೇಕಾದುದಿಲ್ಲ.

ಅವನಿಗೆ ಬೇಕಾದುದು, ಮತ್ತು ಅವನ ಗಮನಕ್ಕೆ ಬಾರದೆ ಇರುವುದು, ಆ ದ್ರವದಲ್ಲಿ ಅತ್ಯಲ್ಪ ಪ್ರಮಾಣದಲ್ಲಿ ಬೆರೆತಿರುವ ತುಕ್ಕುನಿರೋಧಕ ಲವಣಗಳು. ಬಿಸಿನೀರು, ಆಮ್ಲಜನಕ, ಕಬ್ಬಿಣ, ಅಲ್ಯೂಮಿನಿಯಂ ಇವು ಒಂದೆಡೆ ಸೇರಿದಲ್ಲಿ ಲೋಹದ ಕ್ಷಯ ಅನಿವಾರ್ಯ. ಅದನ್ನು ತಡೆಯುತ್ತ ತಡೆಯುತ್ತ ಈ ಲವಣಗಳು ತಾವೇ ವ್ಯಯವಾಗುತ್ತವೆ, ಗ್ಲೈಕಾಲು ಕೂಡ ವರ್ಷಾಂತರದಲ್ಲಿ ಶಿಥಿಲವಾಗಿ ಆಮ್ಲತ್ವಕ್ಕೆ ತಿರುಗುತ್ತದೆ. ಮಟ್ಟ ಇಳಿಯಿತೆಂದು ಬೋರ್‌ವೆಲ್ಲಿನ ಗಡಸು ನೀರನ್ನು ಸುರಿಯುವ ಅಭ್ಯಾಸವಿದ್ದರಂತೂ, ಸ್ನಾನದ ಮನೆಯ ಗೀಸರಿನಲ್ಲಿ ಕಟ್ಟುವ ಬಿಳಿಯ ಸುಣ್ಣವೇ ರೇಡಿಯೇಟರಿನ ಸೂಕ್ಷ್ಮ ನಾಳಗಳಲ್ಲಿಯೂ ಕಟ್ಟಿ ಕುಳಿತು, ಶಾಖಕ್ಕೆ ಹೊರಹೋಗುವ ದಾರಿಯೇ ಇಲ್ಲವಾಗುತ್ತದೆ. ಆದಕಾರಣ ತಯಾರಕರ ಪುಸ್ತಕದಲ್ಲಿ ಹೇಳಿದ ಅವಧಿಗೆ, ಹಳೆಯ ಬಗೆಯ ಕೂಲೆಂಟಾದರೆ ಎರಡು ಮೂರು ವರ್ಷಕ್ಕೊಮ್ಮೆ, ಅದನ್ನು ಪೂರ್ತಿಯಾಗಿ ಇಳಿಸಿ ಹೊಸದನ್ನು ತುಂಬತಕ್ಕದ್ದು.

ಕೆಲಸ ಕಷ್ಟದ್ದಲ್ಲ, ಆತುರದವರದ್ದೂ ಅಲ್ಲ. ಎಂಜಿನ್ನು ಸಂಪೂರ್ಣ ತಣಿದಿರಬೇಕು. ಬೆಳಗಿನ ಹೊತ್ತು ಪ್ರಶಸ್ತ. ಬಿಸಿಯಾಗಿರುವಾಗ ಮುಚ್ಚಳ ತಿರುಗಿಸಿದವನ ಮುಖಕ್ಕೆ ಕುದಿಯುವ ದ್ರವ ಚಿಮ್ಮುವುದೆಂಬುದನ್ನು ಮತ್ತೆ ಹೇಳಬೇಕಾದುದಿಲ್ಲ. ರೇಡಿಯೇಟರಿನ ತಳದ ಡ್ರೈನ್ ಪ್ಲಗ್ಗನ್ನು, ಅದಿಲ್ಲದ ಕಾರಾದರೆ ಕೆಳಗಿನ ಹೋಸಿನ ಕ್ಲಿಪ್ಪನ್ನು ಸಡಿಲಿಸಿ, ಅಗಲವಾದ ಬೇಸಿನ್ನಿಟ್ಟು, ಮೇಲಿನ ಮುಚ್ಚಳ ತೆಗೆದೊಡನೆಯೇ ಧಾರೆ ರಭಸವಾಗಿ ಇಳಿಯುತ್ತದೆ. ಹೀಗೆ ಇಳಿದು ಬಂದುದನ್ನು ತೆಗೆದಿಡುವ ಮೊದಲು ಒಂದಿಷ್ಟು ನೋಡುವುದು ಒಳಿತು. ಬಣ್ಣ ಉಳಿದು ತಿಳಿಯಾಗಿದ್ದರೆ ಒಡೆಯನು ಅದೃಷ್ಟವಂತ. ಹುಣಿಸೆಹಣ್ಣಿನ ರಸದಂತೆ ಕದಡಿ ಕಂದಿದ್ದರೆ ಒಳಗೆ ತುಕ್ಕು ಸಾಗಿದೆ. ಮೇಲೆ ಎಣ್ಣೆಯ ಜಿಡ್ಡು ತೇಲಿದರೆ ಹೆಡ್ ಗ್ಯಾಸ್ಕೆಟ್ಟಿನ ಮೇಲೆ ಸಂಶಯಪಟ್ಟು ಮೆಕ್ಯಾನಿಕ್ಕಿಗೆ ತೋರಿಸುವುದೇ ವಿಹಿತ. ಅನಂತರ ಶುದ್ಧಜಲ ತುಂಬಿ, ಹೀಟರಿದ್ದಲ್ಲಿ ಅದರ ಗುಂಡಿಯನ್ನು ಬಿಸಿಯ ಕಡೆಗೆ ತಿರುಗಿಸಿ, ಎಂಜಿನ್ನು ಓಡಿಸಿ, ತಣಿಸಿ, ಮತ್ತೆ ಇಳಿಸುವ ಕ್ರಮವನ್ನು ನೀರು ತಿಳಿಯಾಗುವವರೆಗೆ ಪುನರಾವರ್ತಿಸಬೇಕು.

ಇಲ್ಲಿ ಒಂದು ಸಣ್ಣ ಗಣಿತವಿದೆ, ಅನೇಕ ಗ್ಯಾರೇಜುಗಳಲ್ಲಿಯೂ ಉಪೇಕ್ಷೆಗೆ ಒಳಗಾಗುವಂಥದು. ಎಷ್ಟೇ ಇಳಿಸಿದರೂ ಎಂಜಿನ್ನಿನ ಒಡಲಲ್ಲಿ, ಹೀಟರಿನ ನಾಳದಲ್ಲಿ ತೊಳೆದ ನೀರು ಕೊಂಚ ಉಳಿದೇ ಉಳಿಯುತ್ತದೆ. ಒಟ್ಟು 4 ಲೀಟರು ಹಿಡಿಯುವ ಕಾರಿನಲ್ಲಿ 1 ಲೀಟರು ಹೀಗೆ ಉಳಿದಿದೆಯೆನ್ನೋಣ; ಅಂಗಡಿಯಲ್ಲಿ ಸಮಪಾಲು ಬೆರೆಸಿ ಮಾರುವ ಕೂಲೆಂಟನ್ನು 3 ಲೀಟರು ಸುರಿದರೆ ಒಳಗಿರುವ ಗ್ಲೈಕಾಲಿನ ಮೂಲದ್ರವ ಒಂದೂವರೆ ಲೀಟರು ಮಾತ್ರ, ಎಂದರೆ ಶೇಕಡ 38ಕ್ಕೂ ಕಡಮೆ. ಬೆರೆಸದ ಮೂಲದ್ರವವನ್ನು ತಂದು ಮೊದಲು 2 ಲೀಟರು ಹೊಯ್ದು, ಉಳಿದುದನ್ನು ಡಿಸ್ಟಿಲ್ಡ್ ವಾಟರಿನಿಂದ ತುಂಬಿದವನ ಲೆಕ್ಕ ಮಾತ್ರ ತಾಳೆಯಾಗುತ್ತದೆ. ಬಣ್ಣವನ್ನು ನೋಡಿ ಕೊಳ್ಳುವುದೂ ಕೂಡದು. ಹಸಿರು, ಕೆಂಪು, ನೀಲಿಗಳು ಕಂಪೆನಿಗಳ ಇಚ್ಛೆಯೇ ಹೊರತು ಶಾಸ್ತ್ರವಲ್ಲ, ಭಿನ್ನಜಾತಿಯವನ್ನು ಬೆರೆಸಿದರೆ ಗಸಿ ಕಟ್ಟುವುದೂ ಉಂಟು.

ತುಂಬುವಾಗ ಮೆಲ್ಲಗೆ ಹೊಯ್ಯುತ್ತ, ಮೇಲಿನ ಹೋಸನ್ನು ಕೈಯಿಂದ ಹಿಸುಕಿದರೆ ಗುಳಗುಳನೆ ಗಾಳಿ ಹೊರಬರುತ್ತದೆ. ಈ ಸಿಕ್ಕಿಬಿದ್ದ ಗಾಳಿಯೇ ಹೊಸ ಕೂಲೆಂಟು ಹಾಕಿಸಿದ ಮರುದಿನ ಉಷ್ಣತೆಯ ಮುಳ್ಳು ಏರುವುದಕ್ಕೆ ಮುಖ್ಯ ಕಾರಣ. ಮುಚ್ಚಳ ಹಾಕದೆ ಎಂಜಿನ್ನು ಓಡಿಸಿ ಕಾದರೆ, ಥರ್ಮೋಸ್ಟಾಟು ತೆರೆದ ಗಳಿಗೆಯಲ್ಲಿ ಮಟ್ಟ ಫಕ್ಕನೆ ಕುಸಿಯುತ್ತದೆ, ಅದುವರೆಗೆ ತಣ್ಣಗಿದ್ದ ಕೆಳಗಿನ ಹೋಸು ಬಿಸಿಯೇರುತ್ತದೆ; ಆಗ ಇನ್ನಷ್ಟು ಹೊಯ್ದು, ಮುಚ್ಚಳ ಬಿಗಿದು, ಫ್ಯಾನು ಒಮ್ಮೆ ತಿರುಗಿ ನಿಂತ ಮೇಲೆ ಕೆಲಸ ಮುಗಿಯಿತು.

ಮುಗಿಯಿತೆನ್ನುವ ಹೊತ್ತಿಗೆ ಬೇಸಿನ್ನಿನ ದ್ರವ ಹಾಗೆಯೇ ಇರುತ್ತದೆ. ಗ್ಲೈಕಾಲು ಸಿಹಿಯಾದ ವಿಷ. ನೆಕ್ಕಿದ ನಾಯಿ, ಬೆಕ್ಕು, ದನಕರುಗಳ ಮೂತ್ರಪಿಂಡದಲ್ಲಿ ಆಕ್ಸಲೇಟಿನ ಹರಳು ಕಟ್ಟಿ ಪ್ರಾಣಹಾನಿಯಾಗುತ್ತದೆ. ಬೀದಿಯ ಚರಂಡಿಗೆ ಸುರಿಯುವುದು ನಮ್ಮಲ್ಲಿ ಸರ್ವಸಾಮಾನ್ಯವಾಗಿದ್ದರೂ ಅದಕ್ಕೆ ಸಮರ್ಥನೆಯಿಲ್ಲ. ಮುಚ್ಚಳವಿರುವ ಕ್ಯಾನಿಗೆ ಆಲಿಕೆಯಿಟ್ಟು ತುಂಬಿ, ಮೇಲೊಂದು ಚೀಟಿ ಅಂಟಿಸಿ ಮಕ್ಕಳ ಕೈಗೆ ಸಿಗದಂತೆ ಇಟ್ಟು, ಹಳೆಯ ಆಯಿಲನ್ನು ಬೇರೆಯಾಗಿ ಕೂಡಿಡುವ ಗ್ಯಾರೇಜಿನವರಿಗೆ, ಆಯಿಲಿನೊಡನೆ ಬೆರೆಸದಂತೆ ಹೇಳಿ, ಒಪ್ಪಿಸಬಹುದು. ನೆಲದ ಮೇಲೆ ಚೆಲ್ಲಿದುದನ್ನು ಅಂದೇ ಮಣ್ಣು ಹಾಕಿ ಬಳಿದು, ನೀರಿನಿಂದ ತೊಳೆದುಬಿಡಬೇಕು.